ಪದಚರ್ಚೆ: ‘ಡಿಸ್ಟೋಪಿಯ’ಕ್ಕೆ ಕನ್ನಡದಲ್ಲಿ ಏನು? ನಮ್ಮ ಕಾಲಕ್ಕೆ ಅದು ಒಪ್ಪುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕಾಲೇಜೊಂದರ ಚರ್ಚಾಸ್ಪರ್ಧೆಗಾಗಿ ‘ಆಧುನಿಕ ಸಮಾಜವನ್ನು ಡಿಸ್ಟೋಪಿಯ ಎನ್ನಬಹುದೇ’ ಎಂಬ ವಿಷಯವನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಡಿಸ್ಟೋಪಿಯ ಎಂದರೆ, ಸ್ಥೂಲವಾಗಿ, ಆಳುವ ವ್ಯವಸ್ಥೆಯೇ ಜನರ ಬದುಕನ್ನು ಹಿಂಡುವ, ಕಥೆ ಕಾದಂಬರಿಗಳು ಊಹಿಸುವಂಥ ಕೆಟ್ಟ ಸಮಾಜ. ಆಯೋಜಕರ ಕರಡಿನಲ್ಲಿ ‘ಆಧುನಿಕ ಸಮಾಜ: ಇದು ಕಲಿಯುಗವೇ?’ ಎಂದಿದೆ. ಹಾಗೆಯೇ ಬಿಟ್ಟರೆ ಚರ್ಚೆ ನಡೆಯಬೇಕಾದಲ್ಲಿ ಪ್ರವಚನ ನಡೆದೀತೆಂಬ ಅಳುಕು ನನ್ನದು. ಆದ್ದರಿಂದ ಎರಡು ಪ್ರಶ್ನೆಗಳನ್ನು ಕೂಡಿಸಿಯೇ ಕೇಳುತ್ತಿದ್ದೇನೆ: ಈ ಪದಕ್ಕೆ ಹೊಂದುವ ಮಾತು ಕನ್ನಡದಲ್ಲಿದೆಯೇ, ಮತ್ತು ನಾವು ಬದುಕುತ್ತಿರುವ ಸಮಾಜವನ್ನೇ ಹಾಗೆ ಕರೆಯುವುದು ಪದದ ಅರ್ಥಕ್ಕೆ ಸಲ್ಲುತ್ತದೆಯೇ? ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಬಗೆಹರಿಸಲಾಗದು ಎಂಬುದು ನನ್ನ ಎಣಿಕೆ.

ಪದದ ಹುಟ್ಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಥಾಮಸ್ ಮೋರ್ 1516ರಲ್ಲಿ ಗ್ರೀಕ್ ಮಾತುಗಳಿಂದ ‘ಯುಟೋಪಿಯ’ವನ್ನು ಕಟ್ಟಿದರು. ಅದರ ಎದುರುಪದವನ್ನು ಜಾನ್ ಸ್ಟೂವರ್ಟ್ ಮಿಲ್ 1868ರ ಮಾರ್ಚ್‌ನಲ್ಲಿ, ಐರ್ಲೆಂಡ್ ಕುರಿತ ಸರ್ಕಾರದ ನೀತಿಯನ್ನು ಟೀಕಿಸುತ್ತ, ಬ್ರಿಟಿಷ್ ಸಂಸತ್ತಿನಲ್ಲಿ ಬಳಸಿದರು. ಯುಟೋಪಿಯ ಎಂದರೆ ನಡೆಸಲಾಗದಷ್ಟು ಒಳ್ಳೆಯದು, ಇವರು ಬಯಸುತ್ತಿರುವುದಾದರೋ ನಡೆಸಲಾಗದಷ್ಟು ಕೆಟ್ಟದ್ದು ಎಂಬುದು ಅವರ ಚುಚ್ಚುಮಾತು. ಈ ಅರ್ಥವನ್ನೇ ಬಿಗಿಯಾಗಿ ಹಿಡಿದರೆ ನಮ್ಮ ಸ್ಪರ್ಧೆ ಆರಂಭವಾಗುವ ಮೊದಲೇ ಮುಗಿದಂತೆ, ಏಕೆಂದರೆ ನಡೆಯುತ್ತಿರುವ ಸಮಾಜವು ನಡೆಸಲಾಗದ್ದು ಆಗಲಾರದು. ಆದರೆ 20ನೇ ಶತಮಾನದ ಸರ್ವಾಧಿಕಾರಗಳು ಎಂಥ ಕೆಟ್ಟದ್ದನ್ನೂ ಅಚ್ಚುಕಟ್ಟಾಗಿ ನಡೆಸಿ ತೋರಿಸಿದ ಮೇಲೆ ಪದವು ತನ್ನ ಮೊದಲ ಅರ್ಥದಲ್ಲಿ ನಿಂತಿಲ್ಲ.

ಇನ್ನು ನಮ್ಮ ಮಾತುಗಳು. ‘ಕಲಿಯುಗ’ ಎಂಬುದು ಕಾಲದ ಹೆಸರು, ವ್ಯವಸ್ಥೆಯದಲ್ಲ. ಅದು ತಾನಾಗಿ ಬರುತ್ತದೆ, ಯಾರೂ ತರುವುದಿಲ್ಲ. ಮೇಲಾಗಿ, ಕಲಿಗಾಲದ ಕೇಡೆಂದು ಹಳೆಯ ಗ್ರಂಥಗಳು ಪಟ್ಟಿ ಮಾಡುವುದೆಲ್ಲವೂ ಕೇಡಲ್ಲ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯನು ಹೇಳುವ ದುರ್ಲಕ್ಷಣಗಳಲ್ಲಿ, ಶೂದ್ರರು ಧರ್ಮವನ್ನು ಬೋಧಿಸುವರು, ಬ್ರಾಹ್ಮಣರು ಅವರನ್ನು ಸೇವಿಸುತ್ತ ಕೇಳುವರು ಎಂಬುದೂ ಒಂದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭಾವದ ಮಾತನ್ನು ಆಡಿದವರು ಯಾರು, ಕೇಳಿದವರು ಯಾರು ಎಂಬುದನ್ನು ನೆನೆದರೆ, ಒಬ್ಬರ ಕಲಿಗಾಲ ಇನ್ನೊಬ್ಬರ ಒಳ್ಳೆಯ ಕಾಲವೂ ಆಗಿರಬಹುದೆಂದು ಒಪ್ಪಬೇಕಾಗುತ್ತದೆ. ಹಾಗಾಗಿ ಈ ಪದವನ್ನು ನಾನು ಕೈಬಿಡುತ್ತೇನೆ.

‘ಮಾತ್ಸ್ಯನ್ಯಾಯ’ವೂ ಸಲ್ಲದು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಆ ಸ್ಥಿತಿ ದಂಡವಿಲ್ಲದಾಗ, ಎಂದರೆ ಶಿಕ್ಷಿಸುವ ರಾಜಶಕ್ತಿ ಇಲ್ಲದಾಗ, ಉಂಟಾಗುವುದೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಡಿಸ್ಟೋಪಿಯದಲ್ಲಿ ದಂಡಕ್ಕೆ ಕೊರತೆಯೇ ಇಲ್ಲ. ‘ದುರಾಡಳಿತ’ ಎಂಬ ಪತ್ರಿಕಾಭಾಷೆಯ ಮಾತು ಹತ್ತಿರ ಬಂದಂತೆ ತೋರಿದರೂ ಅದು ಅದಕ್ಷತೆಯನ್ನು ಸೂಚಿಸುತ್ತದೆ. ದುರಾಡಳಿತದಲ್ಲಿ ನಮ್ಮ ಕಡತ ಕಳೆದುಹೋಗುತ್ತದೆ, ಡಿಸ್ಟೋಪಿಯದಲ್ಲಿ ಅದು ಎಂದೆಂದಿಗೂ ಕಳೆದುಹೋಗುವುದಿಲ್ಲ. ಗ್ರೀಕಿನ ‘ಡಿಸ್’ ಮತ್ತು ಸಂಸ್ಕೃತದ ‘ದುಸ್, ದುರ್’ ಒಂದೇ ಮೂಲದವಾದ್ದರಿಂದ ‘ದುರ್ದೇಶ’ ಎಂದು ಟಂಕಿಸುವ ಆಸೆಯಾಗುತ್ತದೆ. ಆದರೆ ಕನ್ನಡದ ಕಿವಿಗೆ ಅದು ‘ದುರ್ದೆಸೆ’ಯ ಅಣ್ಣನಂತೆ ಕೇಳಿಸಿ, ಮತ್ತೆ ಗ್ರಹಗತಿಯ ಕಡೆಗೇ ಎಳೆಯುತ್ತದೆ.

ನನಗೆ ತೀರ ಹತ್ತಿರವೆನಿಸಿದ್ದು ಬಸವಣ್ಣನವರ ವಚನ. ‘ಏರಿ ನೀರುಂಬಡೆ, ಬೇಲಿ ಕೆಯ್ಯ ಮೇವಡೆ’ ಎಂದು ಮುಂದುವರಿದು ಅದು ‘ಇನ್ನಾರಿಗೆ ದೂರುವೆ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಬೇಲಿಯೇ ಎದ್ದು ಹೊಲ ಮೇಯುವ ಗಾದೆಯನ್ನು ನಾವು ಲಂಚದ ಸುದ್ದಿಗೆಲ್ಲ ಬಳಸಿ ಸವೆಸಿದ್ದೇವೆ. ಆದರೆ ವಚನದ ಭಾರವಿರುವುದು ಕೊನೆಯ ಪ್ರಶ್ನೆಯಲ್ಲಿ: ಕಾಯಬೇಕಾದದ್ದೇ ಕೊಲ್ಲತೊಡಗಿದಾಗ ದೂರು ಕೇಳುವವರು ಯಾರೂ ಉಳಿಯುವುದಿಲ್ಲ. ಒಂದು ಸಮಾಜ ಡಿಸ್ಟೋಪಿಯ ಹೌದೋ ಅಲ್ಲವೋ ಎಂಬುದನ್ನು ಅಲ್ಲಿನ ಕಷ್ಟದ ಪ್ರಮಾಣದಿಂದ ಅಳೆಯದೆ, ಕಷ್ಟ ಹೇಳಿಕೊಳ್ಳಲು ಅಲ್ಲಿ ಜಾಗವಿದೆಯೇ ಎಂಬುದರಿಂದ ಅಳೆಯಬೇಕೆಂಬುದು ನನ್ನ ವಾದ.

ಈ ಅಳತೆ ಬರಿಯ ಕಾವ್ಯವಲ್ಲ. ತುರ್ತುಪರಿಸ್ಥಿತಿಯ ನಡುವೆ, 1976ರ ಏಪ್ರಿಲ್ 28ರಂದು, ವಿಚಾರಣೆಯಿಲ್ಲದೆ ಬಂಧನದಲ್ಲಿದ್ದವರು ಹೇಬಿಯಸ್ ಕಾರ್ಪಸ್ (ಬಂಧನ ಕಾನೂನುಬದ್ಧವೇ ಎಂದು ಪರಿಶೀಲಿಸಲು ಕೋರುವ) ಅರ್ಜಿಯೊಂದಿಗೆ ಹೈಕೋರ್ಟಿಗೆ ಹೋಗುವಂತಿಲ್ಲವೆಂದು ಸುಪ್ರೀಂ ಕೋರ್ಟು ನಾಲ್ಕಕ್ಕೆ ಒಂದರ ಬಹುಮತದಿಂದ ತೀರ್ಪು ಕೊಟ್ಟಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ. ಪೊಲೀಸನೊಬ್ಬ ಸ್ವಂತ ಹಗೆತನದಿಂದ ಯಾರನ್ನಾದರೂ ಕೊಂದರೂ ತುರ್ತುಪರಿಸ್ಥಿತಿ ಇರುವವರೆಗೆ ಪರಿಹಾರವಿಲ್ಲ ಎಂಬ ನಿಲುವನ್ನು ಸರ್ಕಾರದ ವಕೀಲರು ನ್ಯಾಯಾಲಯದಲ್ಲೇ ಒಪ್ಪಿಕೊಂಡಿದ್ದರು. ಆ ದಿನ ‘ಇನ್ನಾರಿಗೆ ದೂರುವೆ’ ಎಂಬ ಪ್ರಶ್ನೆಗೆ ಕಾನೂನೇ ‘ಯಾರಿಗೂ ಇಲ್ಲ’ ಎಂದು ಉತ್ತರಿಸಿತ್ತು. ಆ ತಿಂಗಳುಗಳ ಭಾರತವನ್ನು ಡಿಸ್ಟೋಪಿಯ ಎಂದರೆ ನಾನು ತಕರಾರು ತೆಗೆಯುವುದಿಲ್ಲ. ಆ ತೀರ್ಪನ್ನು ಸ್ಪಷ್ಟ ಮಾತುಗಳಲ್ಲಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರ ಖಾಸಗಿತನದ ತೀರ್ಪು. ಅದಕ್ಕೆ ಕಾರಣವಾದ ಅರ್ಜಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರದು. ನಿವೃತ್ತರೊಬ್ಬರು ಆಧಾರ್ ವಿರುದ್ಧ ದೂರು ಒಯ್ದು, ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಖಾಸಗಿತನ ಮೂಲಭೂತ ಹಕ್ಕೆಂಬ ಒಮ್ಮತದ ಮಾತು ಹೊರಡಿಸಬಲ್ಲ ನಾಡನ್ನು ಇಡಿಯಾಗಿ ಆ ಹೆಸರಿನಿಂದ ಕರೆಯಲು ನನಗೆ ಮನಸ್ಸಾಗದು, 2018ರ ಸೆಪ್ಟೆಂಬರ್‌ನಲ್ಲಿ ಆಧಾರ್ ಕಾಯ್ದೆಯ ಬಹುಭಾಗ ಬಹುಮತದಿಂದ ಉಳಿದುಕೊಂಡಿತು ಎಂಬುದನ್ನು ಗಮನಿಸಿದ ಮೇಲೂ.

ಆದರೆ ಎಲ್ಲರೂ ನಿವೃತ್ತ ನ್ಯಾಯಮೂರ್ತಿಗಳಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ‘ಥಂಬ್ ತಗೋತಿಲ್ಲ’, ‘ಸರ್ವರ್ ಬರ್ತಿಲ್ಲ’ ಎಂದು ಕೇಳಿ ಹಿಂದಿರುಗುವ ಮುದುಕಿಗೂ, ಒಂದು ಬೆಳಿಗ್ಗೆ ಆ್ಯಪ್ ತೆರೆದಾಗ ‘ಐಡಿ ಬ್ಲಾಕ್ ಆಗಿದೆ’ ಎಂದು ತಿಳಿಯುವ ಡೆಲಿವರಿ ಹುಡುಗನಿಗೂ ಆ ಕ್ಷಣದಲ್ಲಿ ದೂರಲು ಯಾರೂ ಇಲ್ಲ. ಈ ವಾಕ್ಯಗಳ ವ್ಯಾಕರಣವನ್ನು ಗಮನಿಸಬೇಕೆಂದು ಬಲ್ಲವರಲ್ಲಿ ಕೋರಿಕೆ. ‘ಬ್ಲಾಕ್ ಮಾಡಿದರು’ ಎಂದು ಯಾರೂ ಹೇಳುವುದಿಲ್ಲ, ‘ಆಗಿದೆ’ ಎನ್ನುತ್ತಾರೆ. ಕ್ರಿಯೆ ಇದೆ, ಕರ್ತೃ ಇಲ್ಲ. ತುರ್ತುಪರಿಸ್ಥಿತಿಯ ಬಂಧನದ ಆದೇಶಕ್ಕಾದರೂ ಕೆಳಗೊಂದು ಸಹಿ ಇರುತ್ತಿತ್ತು. ಕೆಲಸದಿಂದ ತೆಗೆಯಬೇಕಾದರೆ ಬರಹದಲ್ಲಿ ಕಾರಣ ಕೊಡಬೇಕು, 14 ದಿನ ಮುಂಚೆ ತಿಳಿಸಬೇಕು ಎಂದು ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ, ಎಂದರೆ ಆ್ಯಪ್‌ಗಳ ಮೂಲಕ ಬಿಡಿ ಕೆಲಸ ಮಾಡುವ ಇಂಥವರಿಗಾಗಿ, ತಂದ ಕಾನೂನು ಹೇಳುತ್ತದೆ. ನನ್ನ ಓದಿನಲ್ಲಿ ಅದು ಕಾಣೆಯಾದ ಕರ್ತೃವನ್ನು ವಾಕ್ಯಕ್ಕೆ ಮರಳಿಸುವ ಪ್ರಯತ್ನ. ‘ಕಲಿಯುಗ’ ಎಂಬ ಅನುವಾದ ನನಗೆ ಒಗ್ಗದಿರುವುದೂ ಇದೇ ಕಾರಣಕ್ಕೆ, ಏಕೆಂದರೆ ಅದು ‘ಮಾಡಿದ್ದ’ನ್ನೆಲ್ಲ ‘ಆದದ್ದು’ ಎನ್ನಿಸಿಬಿಡುತ್ತದೆ.

ಹೀಗಾಗಿ ಸ್ಪರ್ಧೆಯ ವಿಷಯವನ್ನು ‘ನಮ್ಮ ಸಮಾಜ ಯಾರ ಪಾಲಿಗೆ ಡಿಸ್ಟೋಪಿಯ?’ ಎಂದು ತಿದ್ದಲು ಆಯೋಜಕರಿಗೆ ಸೂಚಿಸುವ ಯೋಚನೆಯಿದೆ. ಪದವನ್ನು ಸದ್ಯಕ್ಕೆ ಎರವಲಾಗಿಯೇ ಇಟ್ಟುಕೊಳ್ಳುತ್ತೇನೆ. ಬಲ್ಲವರು ಮೂರು ವಿಷಯ ತಿಳಿಸಿಕೊಡಬೇಕು. ದೂರು ಕೇಳುವವರಿಲ್ಲದ ಆಳ್ವಿಕೆಯನ್ನು ಸೂಚಿಸುವ ಒಂದೇ ಪದ ಶಾಸನಗಳಲ್ಲಾಗಲಿ ಹಳಗನ್ನಡ ಕಾವ್ಯಗಳಲ್ಲಾಗಲಿ ಯಾರ ಕಣ್ಣಿಗಾದರೂ ಬಿದ್ದಿದೆಯೇ? ‘ಕೇಡುನಾಡು’ ಎಂಬ ಅಚ್ಚಗನ್ನಡದ ಜೋಡಣೆ, ಹಾಳುಬಿದ್ದ ಊರಿನ ಅರ್ಥ ಕೊಡದೆ ನಿಲ್ಲಬಲ್ಲುದೇ? ಎರವಲನ್ನೇ ಉಳಿಸಿಕೊಳ್ಳುವುದಾದರೆ, ‘ಡಿಸ್ಟೋಪಿಯ’ ಎಂದು ಹ್ರಸ್ವಾಂತವಾಗಿ ಬರೆದು ‘ಡಿಸ್ಟೋಪಿಯದ’ ಎಂದು ವಿಭಕ್ತಿ ಹಚ್ಚುವ ನನ್ನ ರೂಢಿ ಸರಿಯೇ, ಅಥವಾ ‘ಡಿಸ್ಟೋಪಿಯಾ’ ಎಂಬ ದೀರ್ಘವನ್ನೇ ಇಟ್ಟುಕೊಳ್ಳಬೇಕೇ?