ಕೆಲಸ ಹೋಗೋ ಭಯ ಇದೆ, ಮನೇಲಿ ದಿನಸಿ-ಔಷಧಿ ಎಷ್ಟು ತಿಂಗಳಿಗೆ ಆಗೋಷ್ಟು ಇಟ್ಕೊಳ್ಳೋದು?

ಉತ್ತರಹಳ್ಳಿ ಗೃಹಿಣಿ

ಎಲ್ರಿಗೂ ನಮಸ್ಕಾರ. ನಮ್ಮೆಜಮಾನ್ರ ಆಫೀಸಲ್ಲಿ ಎರಡು ಟೀಮ್ ಪೂರ್ತಿ ತೆಗೆದುಬಿಟ್ರು, ಇವರದ್ದು ಸದ್ಯಕ್ಕೆ ಉಳ್ಕೊಂಡಿದೆ, ಆದ್ರೆ ಮುಂದಿನ ಕ್ವಾರ್ಟರ್ ಬಗ್ಗೆ ಏನೂ ಹೇಳಕ್ಕಾಗಲ್ಲ ಅಂತ ಮ್ಯಾನೇಜರೇ ಅಂದ್ರಂತೆ. ಬಾಡಿಗೆ ಮನೆ, ಎರಡು ಮಕ್ಕಳು, ಅತ್ತೆ ಇದಾರೆ, ಅವರಿಗೆ ಬಿಪಿ ಮಾತ್ರೆ ಮತ್ತೆ ಇನ್ಸುಲಿನ್ ನಡೀತಿದೆ. ಸಂಬಳ ಬರ್ತಿರೋವಾಗ್ಲೇ ಒಂದಿಷ್ಟು ಸಾಮಾನು ತಗೊಂಡು ಇಟ್ಕೊಂಡ್ರೆ ಆಮೇಲೆ ಊಟಕ್ಕಾದ್ರೂ ಯೋಚನೆ ಇರಲ್ಲ ಅಂತ ನನ್ನ ಆಸೆ. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಬ್ರು ಆರು ತಿಂಗಳಿಗೆ ತುಂಬಿಸ್ಕೊಳ್ಳಿ ಅಂತಾರೆ, ಇನ್ನೊಬ್ರು ಹುಳ ಬಿದ್ದು ಎಲ್ಲಾ ಬಿಸಾಕ್ತೀರ ಅಂತಾರೆ. ಅಡುಗೆಮನೆ ಚಿಕ್ಕದು, ಮೇಲೊಂದು ಅಟ್ಟ ಇದೆ ಅಷ್ಟೆ. ಈ ತಿಂಗಳು ಒಂದು 15 ಸಾವಿರ ತೆಗೀಬಹುದು. ಏನೇನು ತಗೊಳ್ಳಿ, ಎಷ್ಟು ತಗೊಳ್ಳಿ, ಎಲ್ಲಿ ತಗೊಳ್ಳಿ, ತಿಳಿದೋರು ದಯವಿಟ್ಟು ಹೇಳಿ.

ದಿನಸಿ ಅಂಗಡಿ, ರಾಜಾಜಿನಗರ

ಮೇಡಂ, ನಮ್ಮದು ತಂದೆ ಕಾಲದಿಂದ ಅಂಗಡಿ, ಯಶವಂತಪುರ ಯಾರ್ಡಿಂದ ಮಾಲು ತರೋದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಆರು ತಿಂಗಳು ಬೇಡ. ಎರಡು ತಿಂಗಳಿಗೆ ಆಗೋಷ್ಟು ಯಾವಾಗ್ಲೂ ಮನೇಲಿರ್ಲಿ, ಅದರಲ್ಲಿ ಒಂದು ತಿಂಗಳದ್ದು ಖರ್ಚಾದ ತಕ್ಷಣ ಅಷ್ಟನ್ನೇ ಮತ್ತೆ ತಂದು ಹಿಂದೆ ಇಡಿ, ಹಳೇದು ಮುಂದಕ್ಕೆ ಬರ್ಲಿ. ಮನೇಲಿ ದಿನಾ ತಿನ್ನೋದನ್ನ ಮಾತ್ರ ತಗೊಳ್ಳಿ. ಎಲ್ಲೋ ವಿಡಿಯೋ ನೋಡಿ ಓಟ್ಸು, ಡಬ್ಬಿ ಊಟ, ಸೂಪ್ ಪ್ಯಾಕೆಟ್ಟು ಅಂತ ತಂದ್ರೆ ಕಷ್ಟದ ದಿನ ಬಂದಾಗ್ಲೂ ಮಕ್ಕಳು ಅದನ್ನ ತಿನ್ನಲ್ಲ, ಡೇಟ್ ಮುಗೀತಾ ಹೋಗತ್ತೆ.

ಅಕ್ಕಿ ಸೋನಾ ಮಸೂರಿ ತಿನ್ನೋರಾದ್ರೆ 26 ಕೆಜಿ ಚೀಲ ಕೇಳಿ. 2022 ಜುಲೈ 18ರಿಂದ 25 ಕೆಜಿ ತನಕ ಪ್ಯಾಕ್ ಮಾಡಿ ಲೇಬಲ್ ಹಾಕಿರೋ ಅಕ್ಕಿಗೆ 5% ಜಿಎಸ್‌ಟಿ ಬಂತು, ಅದಕ್ಕೇ ಮಿಲ್‌ನೋರು 26 ಕೆಜಿ ಚೀಲ ಶುರು ಮಾಡಿದ್ರು, ಅದಕ್ಕೆ ತೆರಿಗೆ ಇಲ್ಲ. ಇಡೋದಕ್ಕಾದ್ರೆ ಹಳೇ ಅಕ್ಕಿನೇ ತಗೊಳ್ಳಿ, ರೇಟು ಸ್ವಲ್ಪ ಜಾಸ್ತಿ ಆದ್ರೂ ಅನ್ನ ಉದುರುದುರಾಗಿ ಒದಗತ್ತೆ, ಹೊಸ ಅಕ್ಕಿ ಮುದ್ದೆ ಆಗತ್ತೆ. ಅಂಗಡಿಯಲ್ಲಿ ಒಂದು ಹಿಡಿ ತಗೊಂಡು ಅಂಗೈಯಲ್ಲಿ ಉಜ್ಜಿ ನೋಡಿ, ಬಿಳಿ ಹಿಟ್ಟು ಕೈಗೆ ಜಾಸ್ತಿ ಮೆತ್ಕೊಂಡ್ರೆ, ಕಾಳಲ್ಲಿ ಸೂಜಿ ಚುಚ್ಚಿದಂಗೆ ತೂತು ಕಂಡ್ರೆ ಆ ಚೀಲ ಬೇಡ. ಹಲ್ಲಲ್ಲಿ ಕಚ್ಚಿದ್ರೆ ಟಕ್ ಅಂತ ಮುರೀಬೇಕು, ಮೆತ್ತಗೆ ಜಜ್ಜಿದಂಗಾದ್ರೆ ತೇವ ಇದೆ ಅಂತ ಅರ್ಥ, ಮಳೆಗಾಲ ಬಂದ್ರೆ ಅದು ಉಳಿಯಲ್ಲ.

ರಾಗಿ ಮಾತ್ರ ಧೈರ್ಯವಾಗಿ ಜಾಸ್ತಿ ಇಡಿ. ಹಿಂದೆ ನಮ್ಮ ಕಡೆ ಹಳ್ಳಿಗಳಲ್ಲಿ ಹಗೇವಲ್ಲಿ, ಅಂದ್ರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಡ್ತಿದ್ರು, ಕಾಳು ಸಣ್ಣದು, ಹುಳ ಸುಲಭಕ್ಕೆ ಹತ್ತಲ್ಲ. ಆದ್ರೆ ಕಾಳಾಗೇ ಇಡ್ಬೇಕು, ಹಿಟ್ಟು ಮಾಡ್ಸಿಟ್ರೆ ಕೆಲವು ವಾರಕ್ಕೇ ಕಮಟು ವಾಸನೆ ಬರತ್ತೆ. ಹದಿನೈದು ದಿನಕ್ಕಾಗೋಷ್ಟು ಫ್ಲೋರ್ ಮಿಲ್ಲಲ್ಲಿ ಬೀಸಿಸ್ಕೊಳ್ಳಿ. ಗೋಧಿಗೂ ಇದೇ ಮಾತು.

ಬೇಳೆ ಎರಡು ತಿಂಗಳಿಗೆ ಸಾಕು. ತೊಗರಿ ಬೇಳೆ 2015ರಲ್ಲಿ ಕೆಜಿ 200 ರೂಪಾಯಿ ಮುಟ್ಟಿತ್ತು, ಆಗ ಅಂಗಡಿಗೆ ಬರೋ ಗಿರಾಕಿಗಳು ಕಾಲು ಕೆಜಿ ಕೇಳೋರು, ನೋಡಕ್ಕೇ ಬೇಜಾರಾಗೋದು. ಕಲಬುರಗಿ ಕಡೆ ಹೊಸ ತೊಗರಿ ಡಿಸೆಂಬರ್-ಜನವರಿಯಿಂದ ಬರತ್ತೆ, ಆಮೇಲೆ ತಗೊಂಡ್ರೆ ಸಾಮಾನ್ಯವಾಗಿ ರೇಟು ಪರವಾಗಿಲ್ಲ. ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಬೇಸಿಗೆಗೆ ಮುಂಚೆ ಬರೋ ಮಾಲು, ಮಾರ್ಚ್-ಏಪ್ರಿಲಲ್ಲಿ ವರ್ಷಕ್ಕಾಗೋಷ್ಟು ತಗೊಂಡು ಬಿಸಿಲಿಗೆ ಹಾಕಿ ಡಬ್ಬಕ್ಕೆ ತುಂಬೋ ಪದ್ಧತಿ ನಮ್ಮ ಅಮ್ಮಂದಿರದ್ದು, ಅದನ್ನ ಬಿಡ್ಬೇಡಿ. ಹುಣಸೆಹಣ್ಣಿಗೆ ಬೀಜ ತೆಗೆದು ಕಲ್ಲುಪ್ಪು ಬೆರೆಸಿ ಭರಣಿಯಲ್ಲಿಟ್ರೆ ಏನೂ ಆಗಲ್ಲ.

ಎಣ್ಣೆ ಎರಡು ತಿಂಗಳಿಗಿಂತ ಜಾಸ್ತಿ ಬೇಡವೇ ಬೇಡ. 2022ರಲ್ಲಿ ಉಕ್ರೇನ್ ಯುದ್ಧ, ಅದಾದ್ಮೇಲೆ ಏಪ್ರಿಲಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿದ್ದು, ಆಗ ಗಾಬರಿಯಿಂದ ಟಿನ್‌ಗಟ್ಟಲೆ ಒಯ್ದೋರು ನನಗೆ ಗೊತ್ತು, ಆಮೇಲೆ ರೇಟು ಇಳೀತು, ಮನೇಲಿದ್ದ ಎಣ್ಣೆಗೆ ವಾಸನೆ ಬಂತು. ನಮ್ಮ ದೇಶ ಅಡುಗೆ ಎಣ್ಣೆ ಅರ್ಧಕ್ಕಿಂತ ಜಾಸ್ತಿ ಹೊರಗಿಂದ ತರಿಸೋದು, ರೇಟು ಆಡ್ತಾನೇ ಇರತ್ತೆ, ಅದರ ಹಿಂದೆ ಓಡಕ್ಕಾಗಲ್ಲ.

ಹುಳದ ವಿಷ್ಯ. ಡಬ್ಬ ಪೂರ್ತಿ ಒಣಗಿರ್ಬೇಕು, ಅದೇ ಮುಖ್ಯ. ಬೇಳೆಗೆ ಕೆಜಿಗೆ ಒಂದು ಚಿಕ್ಕ ಚಮಚ ಹರಳೆಣ್ಣೆ ಸವರಿ ಇಡಿ. ರವೆ ತಂದ ದಿನವೇ ಬೆಚ್ಚಗೆ ಹುರಿದು ಆರಿಸಿ ತುಂಬಿ. ಬೇವಿನೆಲೆ, ಒಣಮೆಣಸಿನಕಾಯಿ ಹಾಕೋರು ಹಾಕ್ಲಿ, ನಾನು ಬೇಡ ಅನ್ನಲ್ಲ. ಆದ್ರೆ ಬೋರಿಕ್ ಪೌಡರು ಕಲಸೋದು ಬೇಡ, ಇನ್ನು ಗೋಡೌನಲ್ಲಿ ಹಾಕೋ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಯಾರಾದ್ರೂ ಕೊಟ್ರೆ ಮನೆ ಒಳಗೆ ತರಲೇ ಬೇಡಿ, ಅದರಿಂದ ಬರೋ ಗ್ಯಾಸಿಗೆ ಮಲಗಿದ್ದೋರು ಹಾಗೇ ಪ್ರಾಣ ಬಿಟ್ಟಿರೋದು ಇದೆ. ಮಕ್ಕಳಿರೋ ಮನೆ, ದಯವಿಟ್ಟು ನೆನಪಿಟ್ಕೊಳ್ಳಿ.

ಫಾರ್ಮಸಿಸ್ಟ್, ಜಯನಗರ

ಅಕ್ಕಿಗಿಂತ ಮೊದಲು ಅತ್ತೆಯವರ ಔಷಧಿ ನೋಡಿ ಅಕ್ಕ. ಅನ್ನಕ್ಕೆ ಬದಲು ಮುದ್ದೆ ತಿನ್ಬಹುದು, ಇನ್ಸುಲಿನ್‌ಗೆ ಬದಲು ಏನೂ ಇಲ್ಲ. ಈಗ ನಡೀತಿರೋದು ಬಿಟ್ಟು ಇನ್ನೊಂದು ತಿಂಗಳದ್ದು ಕೈಯಲ್ಲಿರ್ಲಿ. ತೆರೆಯದೇ ಇರೋ ಇನ್ಸುಲಿನ್ ಫ್ರಿಜ್ಜಲ್ಲಿ 2ರಿಂದ 8 ಡಿಗ್ರಿ ಒಳಗೆ, ಫ್ರೀಜರಲ್ಲಿ ಬೇಡ, ಹಿಂದಿನ ಗೋಡೆಗೆ ತಾಗಿಸಿನೂ ಇಡ್ಬೇಡಿ ಅಲ್ಲಿ ಹೆಪ್ಪುಗಟ್ಟತ್ತೆ, ಒಂದ್ಸಲ ಹೆಪ್ಪುಗಟ್ಟಿದ್ರೆ ಕರಗಿದ್ಮೇಲೂ ಬಳಸೋ ಹಾಗಿಲ್ಲ. ತೆರೆದಿದ್ದು ಸಾಮಾನ್ಯವಾಗಿ ನಾಲ್ಕು ವಾರ, ಬ್ರ್ಯಾಂಡ್ ಮೇಲೆ ಹೆಚ್ಚುಕಮ್ಮಿ ಇರತ್ತೆ, ಒಳಗಿನ ಚೀಟಿ ಓದಿ. ಬಿಲ್ ಹಾಕ್ಸೋವಾಗ ಎಕ್ಸ್‌ಪೈರಿ ನೋಡೇ ತಗೊಳ್ಳಿ, ದೂರದ ಡೇಟ್ ಇರೋದು ಕೊಡಿ ಅಂತ ಕೇಳಕ್ಕೆ ಸಂಕೋಚ ಬೇಡ.

ಬಿಪಿ ಮಾತ್ರೆಗೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಅದೇ ಸಾಲ್ಟ್ (ಮಾತ್ರೆಯೊಳಗಿನ ಮೂಲ ಔಷಧಿ) ಬ್ರ್ಯಾಂಡಿಗಿಂತ ಎಷ್ಟೋ ಕಮ್ಮಿಗೆ ಸಿಗತ್ತೆ. ಬದಲಾಯಿಸೋ ಮುಂಚೆ ಡಾಕ್ಟರ್ ಹತ್ರ ಸಾಲ್ಟ್ ಹೆಸರು, ಎಂಜಿ ಬರೆಸ್ಕೊಳ್ಳಿ. ಎಂಜಿ ತಪ್ಪಾಗ್ಬಾರ್ದು.

ಇನ್ನೊಂದು ವಿಷ್ಯ, ಜನ ಇದನ್ನ ಯೋಚ್ನೆನೇ ಮಾಡಲ್ಲ. ಆಫೀಸಿನ ಹೆಲ್ತ್ ಇನ್ಶೂರೆನ್ಸ್ ಕೆಲಸ ಹೋದ ದಿನವೇ ಹೋಗತ್ತೆ ಅಂದ್ಕೊಳ್ಳಿ. ಅತ್ತೆಯವರಿಗೆ ಕಣ್ಣು, ಕಿಡ್ನಿ ಟೆಸ್ಟ್ ಬಾಕಿ ಇದ್ರೆ, ಹಲ್ಲು ಏನಾದ್ರೂ ಇದ್ರೆ, ಕಾರ್ಡ್ ನಡೀತಿರೋವಾಗ್ಲೇ ಯಾವುದು ಕವರ್ ಆಗತ್ತೆ ಅಂತ ಕೇಳಿ ಮಾಡ್ಸಿಬಿಡಿ. ಸ್ವಂತ ಪಾಲಿಸಿಗೆ 2025 ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತೆಗೆದಿದಾರೆ, ಒಂದು ಚಿಕ್ಕದಾದ್ರೂ ಮಾಡ್ಸಿ ಅಂತ ನನ್ನ ಸಲಹೆ.

ಲೆಕ್ಕದ ಪುಸ್ತಕ

ಅಂಗಡಿಯವರು ಹೇಳಿದ್ದು ಸರಿ ಇದೆ ಆದ್ರೆ ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 15 ಸಾವಿರ ಪೂರ್ತಿ ದಿನಸಿಗೆ ಹಾಕ್ಬೇಡಿ. ಸಂಬಳ ನಿಂತಾಗ ಬೆಂಗಳೂರಲ್ಲಿ ಮೊದಲು ಕುತ್ತಿಗೆ ಹಿಡಿಯೋದು ಬಾಡಿಗೆ ಮತ್ತೆ ಸ್ಕೂಲ್ ಫೀಸು, ಅದನ್ನ ಅಕ್ಕಿ ಕೊಟ್ಟು ಕಟ್ಟಕ್ಕಾಗಲ್ಲ. 7-8 ಸಾವಿರಕ್ಕೆ ಸಾಮಾನು ಮತ್ತೆ ಔಷಧಿ, ಉಳಿದಿದ್ದು ಕೈಯಲ್ಲಿ. ಯಾವ ಕಾರಣಕ್ಕೂ ಕ್ರೆಡಿಟ್ ಕಾರ್ಡಲ್ಲಿ ಇಎಂಐ ಹಾಕಿ ದಿನಸಿ ತುಂಬ್ಬೇಡಿ, ಕಷ್ಟಕ್ಕೆ ರೆಡಿ ಆಗ್ತೀವಿ ಅಂತ ಹೋಗಿ ಸಾಲನ ಮನೆಗೆ ಕರ್ಕೊಂಡು ಬಂದಂಗಾಗತ್ತೆ.

ಉಳಿತಾಯ ಎಲ್ಲಿಟ್ಟಿದೀರ ಅಂತಾನೂ ನೋಡಿ. 2020ರಲ್ಲಿ ನಮ್ಮ ಮನೆಯವರು ದುಡ್ಡಿಟ್ಟಿದ್ದ ಒಂದು ಸಹಕಾರಿ ಬ್ಯಾಂಕಿಗೆ ನಿರ್ಬಂಧ ಬಂದು ವಯಸ್ಸಾದ ನಮ್ಮ ಚಿಕ್ಕಪ್ಪ ತಮ್ಮ ದುಡ್ಡಿಗೇ ಅಲೆದಾಡಿದ್ರು, ಅದನ್ನ ನೋಡಿದ್ಮೇಲೆ ಹೇಳ್ತಿರೋದು. ಡಿಪಾಸಿಟ್ ಇನ್ಶೂರೆನ್ಸ್ ಒಬ್ಬರಿಗೆ ಒಂದು ಬ್ಯಾಂಕಲ್ಲಿ ಬಡ್ಡಿ ಸೇರಿ 5 ಲಕ್ಷದ ತನಕ, 2020 ಫೆಬ್ರವರಿ 4ಕ್ಕೆ ಮುಂಚೆ 1 ಲಕ್ಷ ಇತ್ತು. ಒಂದು ಪರ್ಸೆಂಟ್ ಜಾಸ್ತಿ ಬಡ್ಡಿ ಅಂತ ಎಲ್ಲಾ ಒಂದೇ ಕಡೆ ಹಾಕ್ಬೇಡಿ. ಮನೇಲಿ ಒಂದಿಷ್ಟು ನೂರರ ನೋಟು ಇರ್ಲಿ, ಯುಪಿಐ ಕೈಕೊಟ್ಟ ದಿನ ಬೇಕಾಗತ್ತೆ.

ವೈಟ್‌ಫೀಲ್ಡ್ ಮೂರನೇ ಮಹಡಿ

ನೀರು ಯಾರೂ ಹೇಳ್ಲಿಲ್ಲ! 2024ರ ಮಾರ್ಚಲ್ಲಿ ನಗರದ 13,900 ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಡಿಸಿಎಂ ಡಿ.ಕೆ. ಶಿವಕುಮಾರ್ ಅವರೇ ಹೇಳಿದ್ರು, ಆಗ ನಮ್ಮ ಕಡೆ ದಿನಸಿಗಿಂತ ಟ್ಯಾಂಕರಿಗೇ ಜಾಸ್ತಿ ಹೋಯ್ತು. 6,000 ಲೀಟರಿಗೆ 5 ಕಿಮೀ ಒಳಗೆ 600 ರೂಪಾಯಿ ಅಂತ ಜಿಲ್ಲಾಡಳಿತ ರೇಟ್ ಫಿಕ್ಸ್ ಮಾಡೋ ತನಕ ಬಾಯಿಗೆ ಬಂದ ರೇಟು. ಆಗಿನಿಂದ ಕಾವೇರಿ ಐದನೇ ಹಂತ ಬಂದಿದೆ, ಆದ್ರೂ ನಿಮ್ಮ ಮನೆಗೆ ಕಾವೇರಿನಾ ಬೋರಾ, ಸಂಪು ಎಷ್ಟು ಲೀಟರು, ಟ್ಯಾಂಕರ್ ಬಂದ್ರೆ ಬಿಲ್ ಹೆಂಗೆ ಹಂಚ್ತಾರೆ ಅಂತ ಓನರ್ ಹತ್ರ ಈಗ್ಲೇ ಕೇಳ್ಕೊಳ್ಳಿ. ಬೇಸಿಗೆ ತಿಂಗಳ ಖರ್ಚಲ್ಲಿ ಅದಕ್ಕೂ ಒಂದು ಸಾಲು ಬರೀರಿ.

ಗ್ಯಾಸ್ ಒಂದೇ ಸಿಲಿಂಡರಾ? ಹಾಗಿದ್ರೆ ಎರಡನೇದು ಮಾಡ್ಸಿ, 14.2 ಕೆಜಿದಕ್ಕೆ ಡಿಪಾಸಿಟ್ 2022ರಲ್ಲಿ 2,200 ಮಾಡಿದ್ರು, ಕನೆಕ್ಷನ್ ವಾಪಸ್ ಕೊಟ್ಟಾಗ ಆ ದುಡ್ಡು ಬರತ್ತೆ. ಇಂಡಕ್ಷನ್ ಮೇಲೆ ಜಾಸ್ತಿ ಅಡುಗೆ ಮಾಡ್ತೀನಿ ಅಂದ್ರೆ ಮೀಟರ್ ನೋಡ್ತಿರಿ, ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ನಿಮ್ದೇ.

ಆಟೋ ಕೆಂಗೇರಿ

ನೀವೆಲ್ಲಾ ಚೀಲಗಟ್ಟಲೆ ಹೇಳ್ತಿದೀರ, ನಮ್ಮಂಥೋರಿಗೆ ಒಂದೇ ಸಲ ಆಗಲ್ಲ, ಅಂಥೋರು ಇದನ್ನ ಓದ್ತಿದ್ರೆ ಅವರಿಗೋಸ್ಕರ ಬರೀತಿದೀನಿ. ನಮ್ಮನೇಲಿ ವಾರದ ಸಾಮಾನು ತರೋವಾಗ ಏನಾದ್ರೂ ಒಂದು ಜಾಸ್ತಿ ತರೋದು, ಈ ವಾರ ಅರ್ಧ ಕೆಜಿ ಬೇಳೆ, ಮುಂದಿನ ವಾರ ಸೋಪು, ಆಮೇಲೆ ಬೆಲ್ಲ, ಹುರುಳಿಕಾಳು. ಅದನ್ನ ನನ್ನ ಹೆಂಡ್ತಿ ಬೇರೆ ಡಬ್ಬದಲ್ಲಿ ಹಾಕಿ ಮುಟ್ಟಕ್ಕೆ ಬಿಡಲ್ಲ. ಲಾಕ್‌ಡೌನಲ್ಲಿ ಗಾಡಿ ನಿಂತಾಗ ಆ ಡಬ್ಬನೇ ನಮ್ಮನ್ನ ನಡೆಸಿದ್ದು. ಹುರುಳಿ ಬೇಯಿಸಿದ್ರೆ ಬಸಿದ ಕಟ್ಟಲ್ಲಿ ಸಾರಾಯ್ತು, ಕಾಳಲ್ಲಿ ಪಲ್ಯ ಆಯ್ತು, ಮುದ್ದೆ ಜೊತೆ ಎರಡು ಹೊತ್ತು ಹೋಗತ್ತೆ.

ಬಿಪಿಎಲ್ ಕಾರ್ಡ್ ಇರೋರು ಮನೇಲಿರೋ ಎಲ್ರ ಇ-ಕೆವೈಸಿ ಆಗಿದೆಯಾ ನೋಡ್ಕೊಳ್ಳಿ, ಕೇಂದ್ರದ ತಲಾ 5 ಕೆಜಿ 2023ರಿಂದ ಪುಕ್ಕಟೆ ಇದೆ, ಊರಿನ ಕಾರ್ಡ್ ಆದ್ರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ತಗೋಬಹುದು. ಎಷ್ಟೋ ಜನ ಊರಿಗೆ ಹೋದಾಗ ತಗೊಳ್ಳೋಣ ಅಂತ ಬಿಟ್ಟುಬಿಡ್ತಾರೆ, ಅದು ನಿಮ್ಮ ಹಕ್ಕು, ಬಿಡ್ಬೇಡಿ. ಮತ್ತೆ ಅಂಗಡಿ ಖಾಲಿ ಆಗೋ ಹಾಗೆ ಯಾರೂ ತಗೋಬೇಡಿ ಸ್ವಾಮಿ, ಸಂಜೆ ದುಡ್ಡು ನೋಡ್ಕೊಂಡು ಬರೋರಿಗೂ ಏನಾದ್ರೂ ಉಳೀಬೇಕು.

ಉತ್ತರಹಳ್ಳಿ ಗೃಹಿಣಿ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಓದ್ತಾ ಓದ್ತಾ ಎದೆಭಾರ ಸ್ವಲ್ಪ ಇಳೀತು. ಇನ್ನೊಂದು ಇನ್ಸುಲಿನ್ ಮತ್ತೆ ಮಾತ್ರೆ ನಾಳೆನೇ ತರ್ತೀವಿ, ಇನ್ಶೂರೆನ್ಸ್ ವಿಷ್ಯ ಇವರಿಗೆ ಹೇಳ್ದೆ, ಅತ್ತೆ ಕಣ್ಣಿನ ಚೆಕಪ್ ಎರಡು ಸಲ ಮುಂದಕ್ಕೆ ಹಾಕಿದ್ವಿ, ಅದನ್ನ ಈ ವಾರ ಮುಗಿಸ್ತೀವಿ. ಸಿಲಿಂಡರ್ ನಮ್ಹತ್ರ ಎರಡಿದೆ. ಅಕ್ಕಿ ಒಂದು ಚೀಲ, ರಾಗಿ 10 ಕೆಜಿ, ಬೇಳೆ 6 ಕೆಜಿ ಅಂದ್ಕೊಂಡಿದೀವಿ, ಉಳಿದಿದ್ದು ಬ್ಯಾಂಕಲ್ಲೇ ಇರ್ಲಿ. ಅಂಗಡಿಯವರೇ, ಒಂದು ಡೌಟು, ಅಟ್ಟದ ಮೇಲಿಟ್ರೆ ನಡೆಯತ್ತಾ? ನಮ್ಮದು ಮೇಲಿನ ಮಹಡಿ, ಬೇಸಿಗೆಯಲ್ಲಿ ತಾರಸಿ ಕಾದು ಅಟ್ಟ ಬಿಸಿ ಇರತ್ತೆ.

ದಿನಸಿ ಅಂಗಡಿ, ರಾಜಾಜಿನಗರ

ಕಾಳು ರಾಗಿ ಅಟ್ಟಕ್ಕೆ ಹಾಕಿ, ಮುಚ್ಚಳ ಬಿಗಿ ಇರೋ ಸ್ಟೀಲ್ ಡ್ರಮ್ಮಲ್ಲಿ ನಡೆಯತ್ತೆ. ಎಣ್ಣೆ ಅಲ್ಲಿ ಬೇಡ, ಬಿಸಿಗೆ ಬೇಗ ಕೆಡತ್ತೆ, ಸ್ಲ್ಯಾಬ್ ಕೆಳಗೆ ಬೆಳಕು ಬೀಳದ ಕಡೆ ಇಡಿ. ಅಕ್ಕಿ ಚೀಲ ನೆಲಕ್ಕೆ ತಾಗದ ಹಾಗೆ ಒಂದು ಮಣೆ ಮೇಲೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು. ಬಿಚ್ಚಿದ್ಮೇಲೆ ಚೀಲದಲ್ಲೇ ಬಿಡ್ಬೇಡಿ, ಡಬ್ಬಕ್ಕೆ ಹಾಕಿ. ಬೇಳೆ 6 ಕೆಜಿ ಒಂದೇ ಡಬ್ಬದಲ್ಲಿ ಬೇಡ, ಎರಡು-ಎರಡು ಕೆಜಿ ಮೂರು ಕಡೆ ಮಾಡಿ, ಒಂದರಲ್ಲಿ ಹುಳ ಬಂದ್ರೂ ಉಳಿದಿದ್ದು ಉಳಿಯತ್ತೆ. ಮತ್ತೆ ಚೀಲ ಕಟ್ಟಿಸೋ ಮುಂಚೆ ಅದೇ ಅಕ್ಕಿ ಒಂದು ಕೆಜಿ ಒಯ್ದು ಅನ್ನ ಮಾಡಿ ನೋಡಿ, ಮಕ್ಕಳಿಗೂ ಅತ್ತೆಯವರಿಗೂ ಹಿಡಿಸಿದ್ರೆ ಮಾರನೇ ದಿನ ಹೋಗಿ ಚೀಲ ತಗೊಳ್ಳಿ.