‘ಲೈನ್’ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಒಂದೇ ಪದ ಹುಡುಕಿದರೆ ಸಿಗುವುದಿಲ್ಲ. ಕಲಬುರಗಿ ಕಡೆ ‘ಲೈನ್’ನ ಅರ್ಥವನ್ನು ಅದರ ಜೊತೆಗಿನ ಕ್ರಿಯಾಪದ ಹೇಳುತ್ತದೆ. ‘ಲೈನ್ ಹೋಗ್ಯಾದ’ ಅಂದರೆ ಕರೆಂಟ್ ಇಲ್ಲ. ‘ಲೈನ್ ಎಳದಾರ’ ಅಂದರೆ ತಂತಿ. ‘ಲೈನ್ ಹಚ್ಯಾರ’ ಅಂದರೆ ಜನ ಪಾಳಿ ನಿಂತಿದ್ದಾರೆ. ‘ಲೈನ್ ಹೊಡಿ’ ಅಂತ ಮೇಷ್ಟ್ರು ಅಂದರೆ ಗೆರೆ. ‘ಈಗ ಲೈನಿಗೆ ಬಂದಾನ’ ಅಂದರೆ ದಾರಿಗೆ ಬಂದಿದ್ದಾನೆ.

ತೊಡಕಿರುವುದು ‘ಲೈನ್ ಕಟ್ ಆಗ್ಯಾದ’ ಎಂಬಲ್ಲಿ. ಕರೆಂಟ್ ನಿಂತಿರಬಹುದು, ಕಂಬದ ತಂತಿ ಹರಿದಿರಬಹುದು, ಬಿಲ್ ಬಾಕಿಗೆ ಸಂಪರ್ಕ ತೆಗೆದಿರಬಹುದು, ಮಾತಿನ ನಡುವೆ ಫೋನ್ ನಿಂತಿರಬಹುದು. ಇಲ್ಲಿ ಕ್ರಿಯಾಪದ ಕೈಕೊಡುತ್ತದೆ. ತಂತಿ ಹರಿದಿದ್ದರೆ, ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ಕರೆ ಮಾಡುವಾಗ ‘ಲೈನ್’ ಬಿಟ್ಟು ‘ತಂತಿ ಹರಿದು ನೆಲಕ್ಕ ಬಿದ್ದದ’ ಎಂದೇ ಮೊದಲು ಹೇಳಿ, ಆಮೇಲೆ ಜಾಗ ತಿಳಿಸಿ. ಬಿದ್ದ ತಂತಿಯಲ್ಲಿ ಇನ್ನೂ ವಿದ್ಯುತ್ ಹರಿಯುತ್ತಿರಬಹುದು. ಬರೀ ಕರೆಂಟ್ ಹೋಗಿದೆ ಎಂದು ಕರೆ ತೆಗೆದುಕೊಂಡವರು ತಿಳಿದರೆ ಅವರಿಗೆ ಅವಸರ ಗೊತ್ತಾಗುವುದಿಲ್ಲ.

ರೈಲಿನ ವಿಷಯದಲ್ಲಿ ‘ಹಳಿ’ ಬೇರೆ, ‘ಲೈನ್’ ಬೇರೆ. ಹಳಿ ಕಬ್ಬಿಣದ್ದು, ಲೈನ್ ಅಂದರೆ ಮಾರ್ಗ. 2017ರಲ್ಲಿ ಉದ್ಘಾಟನೆಯಾದದ್ದು ಬೀದರ್–ಕಲಬುರಗಿ ಮಾರ್ಗ; ಅದನ್ನು ‘ಬೀದರ್ ಹಳಿ’ ಅಂತ ಯಾರೂ ಅನ್ನುವುದಿಲ್ಲ. ಪದ್ಯದ ಲೈನಿಗೆ ‘ಸಾಲು’ ಸಾಕು, ಡೆಡ್‌ಲೈನಿಗೆ ‘ಗಡುವು’.

ಮೂಲ ಅರ್ಥಕ್ಕೆ ತೀರ ಹತ್ತಿರ ಇರುವುದು ಗೋಡೆ ಕಟ್ಟುವ ಗೌಂಡಿಗಳ ‘ಲೈನ್‌ದೋರಿ’. ಗೋಡೆಯ ಎರಡು ತುದಿಯ ಇಟ್ಟಿಗೆಗಳ ನಡುವೆ ಬಿಗಿಯುವ ದಾರ ಅದು. ನಡುವಿನ ಇಟ್ಟಿಗೆ ಆ ದಾರಕ್ಕೆ ತಾಕಬಾರದು, ಕೂದಲೆಳೆಯಷ್ಟು ಸಂದು ಬೇಕು. ತಾಕಿದರೆ ಅದು ದಾರವನ್ನು ಹೊರಕ್ಕೆ ತಳ್ಳಿ ಗೋಡೆ ಉಬ್ಬುತ್ತದೆ. ದಾರ ಸಡಿಲಾದರೆ ವರಸೆ, ಅಂದರೆ ಇಟ್ಟಿಗೆಗಳ ಸಾಲು, ನಡುವೆ ಕುಸಿಯುತ್ತದೆ. ಲ್ಯಾಟಿನ್ನಿನ ‘ಲಿನೆಯಾ’ ಅಂದರೂ ನಾರಿನ ದಾರವೇ. ಅದು ಹುಟ್ಟಿದ್ದು ‘ಲಿನಮ್’ ಎಂಬ ಗಿಡದ ಹೆಸರಿನಿಂದ. ಆ ಗಿಡ ಬೇರೆ ಯಾವುದೂ ಅಲ್ಲ, ನಾವು ರೊಟ್ಟಿ ಜೊತೆ ಹಚ್ಚಿಕೊಳ್ಳುವ ಹಿಂಡಿಯ, ಅಂದರೆ ಚಟ್ನಿಪುಡಿಯ, ಅಗಸಿ.