ನೆನೆಸಿದ ಮೆಂತ್ಯದ ನೀರು ಶುಗರ್‌ಗೆ ಸಾಕೇ?

ಶಾರದಾ ಶಿರಸಿ: ಒಂದು ಚಮಚ ಮೆಂತ್ಯ ರಾತ್ರಿ ನೆನೆಹಾಕಿ, ಬೆಳಿಗ್ಗೆ ಬರೀ ಹೊಟ್ಟೆಗೆ ಆ ನೀರು ಕುಡಿದರೆ ಸಾಕು, ಶುಗರ್ ಇಳಿಯುತ್ತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರೇ ಪ್ರಯೋಗ ಮಾಡಿದ್ದಾರೆ.

ಗುರು ಎಂ: ಮೇಡಂ, 1990ರ ಆ ಪ್ರಯೋಗದಲ್ಲಿ ಕೊಟ್ಟಿದ್ದು ನೀರಲ್ಲ. ಎಣ್ಣೆಯಂಶ ತೆಗೆದ ಮೆಂತ್ಯದ ಪುಡಿ, ದಿನಕ್ಕೆ 100 ಗ್ರಾಂ, ಎರಡು ಊಟಕ್ಕೆ ಹಂಚಿ, 10 ದಿನ. ಅದೂ ಇನ್ಸುಲಿನ್ ಮೇಲಿದ್ದ ಟೈಪ್ 1 ರೋಗಿಗಳಿಗೆ. ಮುಖ್ಯವಾಗಿ ಕೆಲಸ ಮಾಡೋದು ಲೋಳೆಯಾಗುವ ನಾರು; ಊಟದ ಸಕ್ಕರೆ ರಕ್ತಕ್ಕೆ ಸೇರೋದನ್ನು ನಿಧಾನ ಮಾಡುತ್ತೆ. ನೀರು ಸೋಸಿಕೊಂಡು ಕಾಳು ಬಿಸಾಡಿದರೆ ನಾರಿನ ಬಹುಪಾಲು ಕಸದಬುಟ್ಟಿಗೆ ಹೋಯ್ತು. ಕಾಳು ಅಗಿದು ತಿನ್ನಿ, ಇಲ್ಲಾ ಪುಡಿಯನ್ನು ಮಜ್ಜಿಗೆಗೆ ಹಾಕಿ.

ಶಾರದಾ ಶಿರಸಿ: ಮಜ್ಜಿಗೆಗೆ ಹಸಿ ಪುಡಿಯಾ? ಮೆಂತ್ಯದ ತಂಬುಳಿ ಕೇಳಿಲ್ವಾ? ಅರ್ಧ ಚಮಚ ಮೆಂತ್ಯ, ಕಾಲು ಚಮಚ ಜೀರಿಗೆ ತುಪ್ಪದಲ್ಲಿ ಕೆಂಪಗೆ ಹುರಿದು, ಕಾಯಿತುರಿ ಜತೆ ನುಣ್ಣಗೆ ರುಬ್ಬಿ ಮಜ್ಜಿಗೆ ಬೆರೆಸಬೇಕು. ಭೇದಿಗೂ ಅದೇ ಮದ್ದು.

ಕಡಗೋಲು: "ಕೆಂಪಗೆ" ಅಂದಿರಲ್ಲ, ಅಲ್ಲೇ ತಂಬುಳಿ ಕೆಡೋದು. ಹೊಂಬಣ್ಣ ಬಂದು ಘಮ್ ಅಂದ ಕೂಡಲೇ ಇಳಿಸಬೇಕು, ಬಾಣಲೆಯ ಬಿಸಿಗೇ ಇನ್ನಷ್ಟು ಬಣ್ಣ ತಿರುಗುತ್ತೆ. ಜೀರಿಗೆ ಕೊನೆಗೆ, ಒಟ್ಟಿಗೇ ಹಾಕಿದರೆ ಅದು ಮೊದಲು ಸೀಯುತ್ತೆ.

ಶಾರದಾ ಶಿರಸಿ: ಹೊಂಬಣ್ಣಕ್ಕೇ ಇಳಿಸಿದರೆ ಒಳಗೆ ಹಸಿ ಉಳಿದು, ಎಷ್ಟು ರುಬ್ಬಿದರೂ ತರಿತರಿ. ಸಣ್ಣ ಉರಿಯಲ್ಲಿ ಹುರಿದರೆ ಕೆಂಪಾದರೂ ಕಹಿಯಾಗಲ್ಲ.

ಕಡಗೋಲು: ತರಿ ಆಗೋದು ಮೊದಲೇ ನೀರು ಸುರಿಯೋದರಿಂದ. ಹುರಿದ ಮೆಂತ್ಯ ಒಣದಾಗಿ ಪುಡಿ ಮಾಡಿ, ಆಮೇಲೆ ಕಾಯಿ, ಆಮೇಲೆ ನೀರು. ಕಪ್ಪುಕೆಂಪಾದ ಮೆಂತ್ಯ ಯಾವ ಉರಿಯಲ್ಲಾದರೂ ಕಹಿಯೇ.

ಶಾರದಾ ಶಿರಸಿ: ಕಪ್ಪುಕೆಂಪು ಅಂತ ನಾನು ಎಲ್ಲಿ ಬರೆದೆ? ಸರಿಯಾಗಿ ಓದಿ!

ಗುರು ಎಂ: ತಂಬುಳಿ ಬಿಡ್ರೀ. ಒಂದು ಚಮಚ ಕಾಳು ತೂಗಿದರೆ 4 ಗ್ರಾಂ ಆಸುಪಾಸು, ನಿಮ್ಮ ಅರ್ಧ ಚಮಚ 2 ಗ್ರಾಂ. 100 ಗ್ರಾಂ ಎಲ್ಲಿ, ಇದೆಲ್ಲಿ?

ನಾಗರತ್ನ, ಫಾರ್ಮಸಿಸ್ಟ್: 100 ಗ್ರಾಂ ಅಂತ ಇಲ್ಲಿ ಬರೆಯೋದೇ ಅಪಾಯ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಜತೆಗೆ ಮೆಂತ್ಯ ಏಕಾಏಕಿ ಹೆಚ್ಚಿಸಿದರೆ ಶುಗರ್ ತೀರಾ ಇಳಿದು ನಡುಕ, ಬೆವರು ಬರಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತಗೊಳ್ಳೋರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಶೇಂಗಾ, ಕಡಲೆ ಅಲರ್ಜಿ ಇದ್ದವರಿಗೆ ಇದೂ ಆಗದಿರಬಹುದು. ಗರ್ಭಿಣಿಯರಿಗೆ ಒಗ್ಗರಣೆಯಷ್ಟು ಸಾಕು.

ಶಾರದಾ ಶಿರಸಿ: ಗರ್ಭಿಣಿಯರಿಗೆ ಬೇಡ ಅಂದ್ರೆ ಬಾಣಂತಿಗೆ ಮೆಂತ್ಯದ ಉಂಡೆ ಯಾಕೆ ಕೊಡ್ತಾರೆ?

ನಾಗರತ್ನ, ಫಾರ್ಮಸಿಸ್ಟ್: ಗರ್ಭಿಣಿ ಬೇರೆ, ಬಾಣಂತಿ ಬೇರೆ. ಹೆರಿಗೆಗೆ ಮುಂಚೆ ತಾಯಿ ಮೆಂತ್ಯ ಜಾಸ್ತಿ ತಗೊಂಡು ಕೂಸಿನ ಮೂತ್ರಕ್ಕೂ ಮೆಂತ್ಯದ ವಾಸನೆ ಬಂದು, ಮೇಪಲ್ ಸಿರಪ್ ಕಾಯಿಲೆ (ಮೂತ್ರಕ್ಕೆ ಅಂಥದೇ ಸಿಹಿ ವಾಸನೆ ಬರುವ, ಹುಟ್ಟಿನಿಂದ ಬರುವ ಕಾಯಿಲೆ) ಇರಬಹುದೆಂದು ಡಾಕ್ಟರುಗಳು ಶಂಕಿಸಿದ್ದು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿದೆ.

ಕಡಗೋಲು: ಉಂಡೆಗೂ ಹೊಂಬಣ್ಣಕ್ಕೇ ಹುರೀಬೇಕು, ಶಾರದಾ ಅವರೇ.